ಅಗುಳಿಯೂ ಹಲ್ಲುಕಟ್ಟುವವನೂ

ದೇಶದ ಪರವಾಗಿ ಫುಟ್‌ಬಾಲ್ ಆಡಲು ಕರೆ ಬಂದಾಗ ಬಡಗಿ ಮೊಣಕಾಲೂರಿ ಹೊಸ್ತಿಲು ಕೂರಿಸುತ್ತಿದ್ದ. ಕರೆಯಲು ಬಂದ ಡ್ರಿಲ್ ಮೇಷ್ಟ್ರು ಬಾಗಿಲಲ್ಲಿ ನಿಂತರು. ಬಾಗಿಲು ಇನ್ನೂ ಆಗಿರಲಿಲ್ಲವಾದ್ದರಿಂದ ಬರಿಯ ಚೌಕಟ್ಟಿನಲ್ಲಿ ನಿಂತರು ಅನ್ನಬೇಕು.

"ಬರೋ ತಿಂಗಳು ಹದಿನೇಳಕ್ಕೆ ಏನು ಕೆಲಸ ನಿಂಗೆ?"

"ಇದೇ ಬಾಗಿಲು, ಸಾರ್."

"ದೇಶಕ್ಕೆ ಆಡ್ತೀಯಾ?"

ಬಡಗಿ ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಗೆ ಹಾಕಿಕೊಂಡ. "ಯಾವ ದೇಶಕ್ಕೆ ಸಾರ್?"

"ನಮ್ಮ ದೇಶಕ್ಕೆ ಕಣಯ್ಯ! ಇನ್ಯಾವ ದೇಶ ನಿನ್ನ ಕರೆಯುತ್ತೆ?"

ಅವನ ಪ್ರಶ್ನೆ ದಡ್ಡತನದ್ದೇನೂ ಆಗಿರಲಿಲ್ಲ. ದೇಶಕ್ಕೆ ಅಂತ ಒಂದು ತಂಡ ಇದೆ ಎನ್ನುವುದು ಆಗ ಏಳು ಜನರಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಆ ಏಳು ಜನ ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಎರಡು ತಿಂಗಳ ಹಿಂದೆ ಒಂದು ಸಂಘ ಕಟ್ಟಿದ್ದರು. ಔಷಧಿ ಅಂಗಡಿಯವರು ಅಧ್ಯಕ್ಷರು, ಡ್ರಿಲ್ ಮೇಷ್ಟ್ರು ಕಾರ್ಯದರ್ಶಿ. ಸಂಘ ಕಟ್ಟಿದ ಮೇಲೆ ಸುಮ್ಮನಿರಲಾಗದೆ ನಾಲ್ಕು ದೇಶಗಳಿಗೆ 'ಬನ್ನಿ, ಆಡೋಣ' ಎಂದು ಕಾಗದ ಬರೆದರು. ಎರಡು ದೇಶದವರು ಉತ್ತರವನ್ನೇ ಕೊಡಲಿಲ್ಲ. ಒಂದು ದೇಶದವರು ಕಾಗದ ತಪ್ಪಿ ಬಂದಿದೆ ಎಂದು ವಾಪಸು ಕಳಿಸಿದರು. ಹೊಳೆಯಾಚೆಯ ದೇಶದವರು ಮಾತ್ರ ಬರುತ್ತೇವೆ ಎಂದರು. ಅವರೂ ಆಗತಾನೆ ಸಂಘ ಕಟ್ಟಿಕೊಂಡು ಯಾರಾದರೂ ಕರೆಯುತ್ತಾರೇನೋ ಎಂದು ಕಾಯುತ್ತಿದ್ದರು.

ಬಡಗಿಗೆ ಇಪ್ಪತ್ನಾಲ್ಕು ವರ್ಷ. ಆಳು ಬೀರುವಿನ ಹಾಗಿದ್ದ, ಮಾತು ಕಡಿಮೆ. ಭಾನುವಾರಗಳಂದು ಗಿರಣಿ ಮೈದಾನದಲ್ಲಿ ಆಡುತ್ತಿದ್ದ. ಹಿಂದೆ ಎಡಗಡೆ ನಿಂತು, ಎದುರಾಳಿಯನ್ನು ತನ್ನ ಗೋಲಿನ ಕಡೆ ಬಿಡದಿರುವುದು ಅವನ ಪಾಲಿನ ಕೆಲಸ. ಅದಕ್ಕೆ ಲೆಫ್ಟ್ ಬ್ಯಾಕ್ ಎನ್ನುತ್ತಾರೆ ಎಂದು ಅವನಿಗೆ ತಿಳಿಸಿದವರೂ ಡ್ರಿಲ್ ಮೇಷ್ಟ್ರೇ.

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅಮ್ಮ, "ಆಟಕ್ಕೆ ಯಾರಾದ್ರೂ ರಜ ಹಾಕ್ತಾರೇನೋ? ಜ್ವರ ಬಂದ್ರೆ ಹಾಕ್ತಾರೆ," ಎಂದಳು. ಮರಗೆಲಸದ ಅಂಗಡಿಯ ಯಜಮಾನರು ಮರ ಅಂಟಿಸುವ ಸರೇಸಿನ ಡಬ್ಬಿ ಕಲಕುವುದನ್ನು ನಿಲ್ಲಿಸಿ ಬಹಳ ಹೊತ್ತು ಯೋಚಿಸಿದರು.

"ಹೆಣ ಹೊರೋಕೆ ಅರ್ಧ ದಿನ ಕೊಡ್ತೀನಿ. ಮದುವೆಗೆ ಒಂದು ದಿನ. ದೇಶಕ್ಕೆ ಎಷ್ಟು ಕೊಡಬೇಕು ಅಂತ ನಂಗೆ ಗೊತ್ತಿಲ್ಲ."

"ಎಷ್ಟಾದ್ರೂ ಸರಿ, ಯಜಮಾನ್ರೇ."

"ಅರ್ಧ ದಿನವೇ ಇರಲಿ. ಹೆಣದ ಲೆಕ್ಕಕ್ಕೆ ಹಾಕಿಕೋತೀನಿ."

ಹಾಗೆ ಹೆಣದ ಲೆಕ್ಕದಲ್ಲಿ ಬಡಗಿ ದೇಶದ ಪರವಾಗಿ ಆಡಿದ. ಒಂದೇ ಬಣ್ಣದ ಅಂಗಿ ಒಂಬತ್ತೇ ಸಿಕ್ಕಿದ್ದರಿಂದ ಅವನಿಗೂ ಇನ್ನೊಬ್ಬನಿಗೂ ಹತ್ತಿರಹತ್ತಿರದ ಬಣ್ಣದ್ದು ಕೊಟ್ಟರು. ಮೈದಾನ ಒಂದು ಕಡೆಗೆ ಇಳಿಜಾರಾಗಿತ್ತು. ಎದುರಿನವರ ಬಲ ಅಂಚಿನಲ್ಲಿ ಓಡುತ್ತಿದ್ದವನು ಕಡ್ಡಿಯಂಥ ಮನುಷ್ಯ, ಬಡಗಿಗಿಂತ ಎರಡು ವರ್ಷ ದೊಡ್ಡವನು, ಕಾಲಲ್ಲಿ ಮಿಂಚು. ಅವನನ್ನು ಹಿಡಿಯುವುದು ಬಡಗಿಯ ಪಾಲಿಗೆ ಬಂದಿತ್ತು. ಅವನು ಎಡಕ್ಕೆ ಬಾಗಿದರೆ ಬಡಗಿ ಅಲ್ಲಿದ್ದ. ಬಲಕ್ಕೆ ಹಾರಿದರೆ ಅಲ್ಲೂ ಇದ್ದ. ಬಡಗಿ ಓಡುತ್ತಿರಲಿಲ್ಲ. ಓಡಿದರೆ ಇವನು ಸಿಗುವುದಿಲ್ಲ ಎಂದು ಮೊದಲ ಐದು ನಿಮಿಷದಲ್ಲೇ ತಿಳಿದುಬಿಟ್ಟಿದ್ದ. ಇವನು ಎಲ್ಲಿಗೆ ಬರಲೇಬೇಕೋ ಅಲ್ಲಿಗೆ ಮೊದಲೇ ನಡೆದುಹೋಗಿ ನಿಲ್ಲುತ್ತಿದ್ದ, ಅಷ್ಟೆ.

ದೇಶ ನಾಲ್ಕು ಸೊನ್ನೆಯಲ್ಲಿ ಸೋತಿತು. ನಾಲ್ಕೂ ಇನ್ನೊಂದು ಕಡೆಯಿಂದ ಬಂದವು. ನೋಡಲು ಬಂದಿದ್ದ ಸ್ಟೇಷನ್ ಕೂಲಿಯೊಬ್ಬ ಮೂರನೆಯ ಗೋಲಿನ ಹೊತ್ತಿಗೆ, "ಈ ಕಡೆ ಅಗುಳಿ ಹಾಕಿದೆ, ಆ ಕಡೆ ಬಾಗಿಲೇ ಇಲ್ವಲ್ರಪ್ಪೋ!" ಎಂದು ಕೂಗಿದ. ಅಂದಿನಿಂದ ಬಡಗಿಗೆ ಅಗುಳಿ ಎಂದೇ ಹೆಸರಾಯಿತು. ಯಜಮಾನರು ಕೂಡ ಮಾರನೆಯ ದಿನ, "ಏ ಅಗುಳಿ, ಆ ಹೊಸ್ತಿಲು ಏನಾಯ್ತು?" ಎಂದರು.

ಮರುವರ್ಷ ಇವರು ಹೊಳೆ ದಾಟಿ ಹೋದರು. ರೈಲಿನಲ್ಲಿ ಆರು ಗಂಟೆ. ಆಚೆಯವರ ಮಾತು ಬೇರೆಯೇನಲ್ಲ, ನಮ್ಮ ಮಾತನ್ನೇ ಮೂಗಿನಿಂದ ಆಡಿದ ಹಾಗೆ. ಆಟ ಶುರುವಾಗಿ ಕಾಲು ಗಂಟೆಯೂ ಆಗಿರಲಿಲ್ಲ, ಎತ್ತರದಿಂದ ಬಿದ್ದ ಚೆಂಡಿಗೆ ಅಗುಳಿಯೂ ಆ ಕಡ್ಡಿ ಮನುಷ್ಯನೂ ಒಟ್ಟಿಗೆ ಹಾರಿದರು. ಚೆಂಡು ಇಬ್ಬರಿಗೂ ಸಿಗಲಿಲ್ಲ. ಅಗುಳಿಯ ಬಾಯಿಗೆ ಅವನ ಹಣೆ ಸಿಕ್ಕಿತು. ಮೇಲಿನ ಸಾಲಿನ ಎದುರು ಹಲ್ಲೊಂದು ಹುಲ್ಲಿನಲ್ಲಿ ಬಿತ್ತು.

ಕಡ್ಡಿ ಮನುಷ್ಯ ಹಣೆಯ ರಕ್ತ ಒರೆಸಿಕೊಳ್ಳುತ್ತಾ ಹಲ್ಲನ್ನು ಹುಡುಕಿ ಎತ್ತಿದ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಬೇರು ಸಮೇತ ಬಂದಿದೆ," ಎಂದ ಮೆಚ್ಚುಗೆಯಿಂದ. "ನಾಳೆ ಬೆಳಿಗ್ಗೆ ನನ್ನ ಅಂಗಡಿಗೆ ಬಾ."

ಅವನು ಹಲ್ಲುಕಟ್ಟುವವನಾಗಿದ್ದ. ಆಟ ಅವನಿಗೂ ಭಾನುವಾರದ್ದೇ.

ಅಗುಳಿ ಉಳಿದ ಒಂದೂಕಾಲು ಗಂಟೆ ಬಾಯಿಗೆ ಬಟ್ಟೆ ಒತ್ತಿಕೊಂಡು ಆಡಿದ. ಒಂದು ಸಲವೂ ಅವನನ್ನು ಬಿಡಲಿಲ್ಲ. ದೇಶ ಎರಡು ಸೊನ್ನೆಯಲ್ಲಿ ಸೋತಿತು. ಡ್ರಿಲ್ ಮೇಷ್ಟ್ರು ಇದನ್ನು ಪ್ರಗತಿ ಎಂದು ಬರೆದುಕೊಂಡರು.

ಮಾರನೆಯ ಬೆಳಿಗ್ಗೆ, ರೈಲಿಗೆ ಇನ್ನೂ ಮೂರು ಗಂಟೆ ಇದೆ ಎನ್ನುವಾಗ, ಅಗುಳಿ ವಿಳಾಸ ಕೇಳಿಕೊಂಡು ಹೋದ. ಕೊಡೆ ರಿಪೇರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು, ಮೇಲೆ ಒಂದು ಕೋಣೆ, ಕಿಟಕಿಯ ಹತ್ತಿರ ತಲೆ ಒರಗಿಸುವ ಕುರ್ಚಿ. ಗೋಡೆಯ ಹಲಗೆಯ ಮೇಲೆ ಮೂವತ್ತು ನಲವತ್ತು ಜೊತೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಹಲ್ಲು ಕಿಸಿದು ಕೂತಿದ್ದವು. ಹಲ್ಲುಕಟ್ಟುವವನು ಮೇಣ ಬಿಸಿ ಮಾಡಿ ಅಗುಳಿಯ ಬಾಯಿಗೆ ಒತ್ತಿ ಅಚ್ಚು ತೆಗೆದ. ತೆಗೆದ ಅಚ್ಚನ್ನು ಅಗುಳಿ ಕೈಗೆ ಇಸಿದುಕೊಂಡು ನೋಡಿದ. ತನ್ನದೇ ಬಾಯಿ ಎನ್ನುವುದಕ್ಕಿಂತ ಅದೊಂದು ಕೆಲಸ ಎಂದು ಅವನಿಗೆ ಕಂಡಿತು.

"ಇದು ಗೂಟ ಕೂರಿಸೋ ಕೆಲಸವೇ," ಎಂದ, ಖಾಲಿ ಜಾಗದಿಂದ ಗಾಳಿ ಬಿಡುತ್ತಾ.

"ಹೌದು. ಆದ್ರೆ ಮರ ಮಾತಾಡಲ್ಲ."

"ಮರ ಉಬ್ಬುತ್ತೆ."

"ಒಸಡೂ ಉಬ್ಬುತ್ತೆ."

ಇಬ್ಬರೂ ತಲೆಯಾಡಿಸಿದರು. ಗಾಯ ಮಾಗಿದ ಮೇಲೆ ಹಲ್ಲು ಕೂರಿಸಬೇಕು, ಅಷ್ಟರಲ್ಲಿ ಮಾಡಿಟ್ಟಿರುತ್ತೇನೆ, ಮುಂದಿನ ಪಂದ್ಯಕ್ಕೆ ಬರುವಾಗ ತರುತ್ತೇನೆ ಎಂದ ಹಲ್ಲುಕಟ್ಟುವವನು. ಮುಂದಿನ ಪಂದ್ಯ ಒಂದು ವರ್ಷದ ಮೇಲೆ. ಅಗುಳಿ ಸರಿ ಎಂದ. ಒಂದು ಬಾಗಿಲಿಗೆ ಒಳ್ಳೆಯ ಮರ ಒಣಗಲು ಅಷ್ಟು ಹೊತ್ತು ಬೇಕೇ ಬೇಕು.

ವರ್ಷ ಕಳೆಯಿತು. ಹಲ್ಲು ಬಂತು. ಹಲ್ಲುಕಟ್ಟುವವನು ಅದನ್ನು ಹತ್ತಿಯಲ್ಲಿ ಸುತ್ತಿ, ಬೂಟಿನೊಳಗೆ ಇಟ್ಟು ತಂದಿದ್ದ. ಪಂದ್ಯದ ಹಿಂದಿನ ಸಂಜೆ ಅಗುಳಿಯ ಮನೆಯಲ್ಲೇ ಕೂರಿಸುವುದೆಂದಾಯಿತು. ಅಮ್ಮ ಒಳ್ಳೆಯ ಕುರ್ಚಿಯನ್ನು ಕಿಟಕಿಗೆ ಎಳೆದಳು. ತಂಗಿ ದೀಪ ಹಿಡಿದು ನಿಂತಳು. ಅವಳು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವವಳು, ಕೈ ಅಲುಗುತ್ತಿರಲಿಲ್ಲ. ಹಲ್ಲುಕಟ್ಟುವವನು ಅಗುಳಿಯ ಬಾಯೊಳಗೆ ನೋಡಬೇಕಾದಲ್ಲಿ ಒಂದೆರಡು ಸಲ ದೀಪದ ಕಡೆ ನೋಡಿದ. ಅಗುಳಿ ಬಾಯಿ ತೆರೆದೇ ಇದ್ದುದರಿಂದ ಏನೂ ಹೇಳಲಾಗಲಿಲ್ಲ.

ಹಲ್ಲು ಸ್ವಲ್ಪ ಉದ್ದವಾಗಿತ್ತು. ಅರದಿಂದ ಉಜ್ಜಿದ. ಆಗಲೂ ಒಂದು ಕೂದಲೆಳೆ ಉದ್ದವಿತ್ತು.

"ಅಭ್ಯಾಸ ಆಗುತ್ತೆ," ಎಂದ ಹಲ್ಲುಕಟ್ಟುವವನು. "ಆಗದಿದ್ರೆ ಕಾಗದ ಹಾಕಿ."

ಮಾರನೆಯ ದಿನದ ಪಂದ್ಯದಲ್ಲಿ ಅಗುಳಿ ತನಗೆ ಹಲ್ಲು ಕೊಟ್ಟವನನ್ನು ಅದೇ ಹಲ್ಲು ಕಚ್ಚಿಕೊಂಡು ತಡೆದ. ಆದರೂ ದೇಶ ಸೋತಿತು. ಇರಲಿ. ಮುಖ್ಯವಾದದ್ದು ಕಾಗದದ ವಿಷಯ. ಅಗುಳಿಯ ಕೈಬರಹ ಕಾಲಲ್ಲಿ ಬರೆದ ಹಾಗಿತ್ತು, ಅದಕ್ಕೇ ತಂಗಿ ಬರೆದಳು. 'ಅಣ್ಣನ ಹಲ್ಲು ಕೆಳಗಿನ ಸಾಲಿಗೆ ತಗಲುತ್ತದೆ, ಏನು ಮಾಡಬೇಕು?' ಎಂದು ನಾಲ್ಕು ಸಾಲು. ಉತ್ತರ ಒಂದು ಪುಟ ಬಂತು. ಅದಕ್ಕೆ ಇವಳು ಒಂದೂವರೆ ಪುಟ ಬರೆದಳು. ಚಳಿಗಾಲ ಮುಗಿಯುವ ಹೊತ್ತಿಗೆ ವಾರಕ್ಕೊಂದು ಲಕೋಟೆ ಬರುತ್ತಿತ್ತು, ದಪ್ಪನೆಯದು.

"ಒಂದು ಹಲ್ಲಿಗೆ ಇಷ್ಟು ಕಾಗದವೇ?" ಎಂದಳು ಅಮ್ಮ.

"ಹಲ್ಲು ಹೇಗಿದೆಯಂತೆ?" ಎಂದು ಅಗುಳಿ ತಂಗಿಯನ್ನು ಕೇಳಿದ.

"ಯಾವ ಹಲ್ಲು?" ಎಂದಳು ತಂಗಿ. ಆಮೇಲೆ ಕೆಂಪಗಾದಳು.

ಅಗುಳಿ ಆ ರಾತ್ರಿ ಊಟ ಮಾಡುತ್ತಾ ತುಂಬ ಯೋಚಿಸಿದ. ಮೂರು ವರ್ಷ ಆ ಮನುಷ್ಯನನ್ನು ಒಂದು ಗಜ ದೂರದಿಂದ ನೋಡಿದ್ದಾನೆ. ಚೆಂಡು ಕಳೆದುಕೊಂಡಾಗ ನೋಡಿದ್ದಾನೆ, ತಂಡ ಗೆದ್ದಾಗ ನೋಡಿದ್ದಾನೆ, ಬಿದ್ದಾಗ ಏಳುವುದನ್ನು ನೋಡಿದ್ದಾನೆ. ರೆಫರಿ ನೋಡದಿದ್ದಾಗ ಅಂಗಿ ಎಳೆಯುವವನಲ್ಲ. ಗಂಡು ನೋಡಲು ಹೋದವರು ಇದರ ಕಾಲು ಭಾಗವನ್ನೂ ತಿಳಿದುಕೊಂಡು ಬರುವುದಿಲ್ಲ.

"ಒಳ್ಳೆಯವನು," ಎಂದ ಅಮ್ಮನಿಗೆ. "ಎಡಗಾಲು ಮಾತ್ರ ಅಷ್ಟಕ್ಕಷ್ಟೆ."

ಮದುವೆಗೆ ನಾಲ್ಕನೆಯ ಪಂದ್ಯದ ಮಾರನೆಯ ದಿನವನ್ನೇ ಗೊತ್ತು ಮಾಡಿದರು. ಹೇಗೂ ಎಲ್ಲರೂ ಹೊಳೆಯಾಚೆ ಹೋಗುವವರೇ. ತಂಡದ ಡಬ್ಬಿಯಲ್ಲೇ ಅಮ್ಮನಿಗೂ ತಂಗಿಗೂ ಜಾಗ ಕೊಟ್ಟರು. ಹಾಗಾಗಿ ದೇಶದ ತಂಡ ದಿಬ್ಬಣವಾಗಿ ಹೋಯಿತು, ಅಥವಾ ದಿಬ್ಬಣವೇ ದೇಶದ ತಂಡವಾಗಿ ಹೋಯಿತು. ಮಗನ ಆಟವನ್ನು ಅಮ್ಮ ಮೊದಲ ಸಲ ನೋಡಿದಳು. ಮಗ ಅಳಿಯನಾಗುವವನನ್ನು ಭುಜದಿಂದ ಗುದ್ದಿ ಗೆರೆಯಾಚೆ ಹಾಕಿದಾಗ ಎದ್ದು ನಿಂತು, "ನಾಳೆವರೆಗಾದ್ರೂ ಬಿಡೋ ಅವರನ್ನ!" ಎಂದು ಕೂಗಿದಳು. ಸುತ್ತಲಿದ್ದ ಆಚೆಯ ಜನ ಚಪ್ಪಾಳೆ ತಟ್ಟಿದರು. ಪಂದ್ಯ ಒಂದಕ್ಕೊಂದು ಸಮವಾಯಿತು. ದೇಶ ಮೊದಲ ಸಲ ಸೋಲದೆ ಉಳಿದದ್ದು ಅದೇ. ಮಾರನೆಯ ದಿನ ರಿಜಿಸ್ಟರ್ ಕಚೇರಿಯಲ್ಲಿ ಸಾಕ್ಷಿ ಹಾಕಲು ಎರಡು ಕಡೆಯ ಗೋಲ್‌ಕೀಪರುಗಳು ಸಾಲಾಗಿ ನಿಂತರು.

ಅಂದಿನಿಂದ ಹಲ್ಲುಕಟ್ಟುವವನು ಅಗುಳಿಗೆ ಭಾವನಾದ. ಅಗುಳಿಯೂ ಅವನಿಗೆ ಭಾವನೇ. ಇನ್ನು ಮೇಲೆ ಮೈದಾನದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಏನೆಂದು ಕೂಗುವುದು ಎಂದು ಡ್ರಿಲ್ ಮೇಷ್ಟ್ರು ಚಿಂತಿಸಿದರು. ಇಬ್ಬರೂ ಮೈದಾನದಲ್ಲಿ ಕೂಗುವವರಲ್ಲವಾದ್ದರಿಂದ ಚಿಂತೆ ಅಲ್ಲಿಗೇ ನಿಂತಿತು.

ಆದರೆ ಆ ವರ್ಷ ಅಗುಳಿಯ ಎಡ ಮಂಡಿ ಕೈಕೊಟ್ಟಿತು. ಚೆಂಡಿನಿಂದಲ್ಲ. ದೊಡ್ಡ ಸಭಾಂಗಣವೊಂದಕ್ಕೆ ಹಲಗೆಯ ನೆಲ ಹಾಸುವ ಕೆಲಸ ಬಂದಿತ್ತು. ನಾಲ್ಕು ತಿಂಗಳು ದಿನವಿಡೀ ಮಂಡಿಯೂರಿ ಹಲಗೆ ಕೂರಿಸಿದ. ನೆಲ ಕನ್ನಡಿಯಂತಾಯಿತು, ಮಂಡಿ ತುಕ್ಕು ಹಿಡಿದ ಕೀಲಿನಂತಾಯಿತು. ನೇರ ನಡೆದರೆ ತೊಂದರೆಯಿಲ್ಲ, ಎಡಕ್ಕೆ ತಟ್ಟನೆ ತಿರುಗಿದರೆ ಒಳಗೆ ಏನೋ ಜಾರುತ್ತಿತ್ತು. ಯಾರಿಗೂ ಹೇಳಲಿಲ್ಲ. ಸಂಘಕ್ಕೆ ಹೇಳಿದರೆ ಆಟ ಹೋಗುತ್ತದೆ. ಯಜಮಾನರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಎರಡೂ ಕಡೆ ಬೇರೆ ಬೇರೆ ಹೇಳುವ ಹಾಗೂ ಇರಲಿಲ್ಲ. ರಜ ಕೊಟ್ಟೂ ಕೊಟ್ಟೂ ಆಟದ ರುಚಿ ಹತ್ತಿ ಯಜಮಾನರು ಸಂಘದ ಏಳು ಜನರಲ್ಲಿ ಒಬ್ಬರಾಗಿಬಿಟ್ಟಿದ್ದರು.

ತವರಿಗೆ ಬಂದಿದ್ದ ತಂಗಿ ಮಾತ್ರ ಅಣ್ಣ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದನ್ನು ನೋಡಿದಳು.

"ಏನಣ್ಣ ಅದು?"

"ಏನಿಲ್ಲ. ಎಡಕ್ಕೆ ತಿರುಗಿದ್ರೆ ಸ್ವಲ್ಪ ಜಾರುತ್ತೆ. ಅಮ್ಮಂಗೆ ಹೇಳ್ಬೇಡ."

ಅವಳು ಅಮ್ಮನಿಗೆ ಹೇಳಲಿಲ್ಲ.

ಐದನೆಯ ಪಂದ್ಯ ಇಲ್ಲೇ, ಗಿರಣಿ ಮೈದಾನದಲ್ಲಿ. ಹಿಂದಿನ ವರ್ಷ ಸಮವಾಗಿದ್ದರಿಂದ ಈ ಸಲ ಗೆದ್ದೇಬಿಡುತ್ತೇವೆ ಎಂದು ಊರಿಗೆ ಊರೇ ಬಂದಿತ್ತು. ಮುಗಿಯಲು ಹತ್ತು ನಿಮಿಷ ಇರುವವರೆಗೂ ಸೊನ್ನೆಗೆ ಸೊನ್ನೆ. ಆಗ ಭಾವನಿಗೆ ಚೆಂಡು ಸಿಕ್ಕಿತು. ಎಂದಿನಂತೆ ಅಗುಳಿ ಎದುರಿಗೆ ನಿಂತ. ಭಾವ ಅಗುಳಿಯ ಬಲಕ್ಕೆ ಹೋಗುವವನಂತೆ ತೋರಿಸಿದ, ಹೋಗಲಿಲ್ಲ. ಆ ದಿನ ಅಷ್ಟು ಹೊತ್ತು ಒಮ್ಮೆಯೂ ಮಾಡದಿದ್ದ ಹಾಗೆ ಅಗುಳಿಯ ಎಡ ಮಗ್ಗುಲಿಗೆ ಚೆಂಡನ್ನು ತಳ್ಳಿದ. ಅಗುಳಿ ತಿರುಗಿದ. ಮಂಡಿ ತಿರುಗಲಿಲ್ಲ. ಅವನು ನಿಂತಲ್ಲೇ ಕೂತ. ಭಾವ ಅವನ ಪಕ್ಕದಿಂದ ಹಾದುಹೋಗಿ ಗೋಲು ಹೊಡೆದ.

ಸುತ್ತಲಿನ ಜನ ಎದ್ದು ನಿಂತರು. ಆಮೇಲೆ ಯಾರೋ, "ತಂಗಿ ಗಂಡ ಅಂತ ಬಿಟ್ಟುಕೊಟ್ಟ!" ಎಂದರು. ಒಬ್ಬರ ಬಾಯಿಂದ ಹೊರಟದ್ದು ನೂರು ಬಾಯಿ ಸೇರಲು ಪಂದ್ಯ ಮುಗಿಯುವುದೇ ಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆ ಹಿತ್ತಿಲಲ್ಲಿ ಭಾವ ಮುಖ ತೊಳೆಯುತ್ತಿದ್ದ. ಅವರ ರೈಲು ಮಧ್ಯಾಹ್ನಕ್ಕೆ. ಅಗುಳಿ ಟವೆಲು ಹಿಡಿದುಕೊಂಡು ಹೋದ. ರಾತ್ರಿಯೆಲ್ಲ ಒಂದೇ ಪ್ರಶ್ನೆಯನ್ನು ಕೀಸುಳಿ ಹಾಕಿ ಹಾಕಿ ನುಣ್ಣಗೆ ಮಾಡಿಟ್ಟುಕೊಂಡಿದ್ದ.

"ನನ್ನ ಮಂಡಿ ವಿಷಯ ನಿಮಗೆ ಗೊತ್ತಿತ್ತಾ, ಭಾವ?"

ಭಾವ ಮುಖದ ನೀರನ್ನು ಒರೆಸಿಕೊಳ್ಳದೆ ನಿಂತ. "ಗೊತ್ತಿತ್ತು."

ಅಡುಗೆಮನೆ ಬಾಗಿಲಲ್ಲಿ ತಂಗಿ ಕಾಣಿಸಿಕೊಂಡಳು. "ನಾನೇ ಹೇಳಿದ್ದು, ಅಣ್ಣ. ಯಾವುದಾದ್ರೂ ಔಷಧಿ ಇದೆಯಾ ಅಂತ ಕೇಳೋಕೆ ಹೇಳಿದೆ. ಆಟಕ್ಕೆ ಅಂತ ಅಲ್ಲ."

"ಹಲ್ಲಿನವರನ್ನ ಮಂಡಿಗೆ ಔಷಧಿ ಕೇಳ್ತಾರೇನೇ?"

"ಮನೇಲಿ ಇದ್ದವರು ಅವರೊಬ್ಬರೇ."

ಅಗುಳಿ ಭಾವನ ಕಡೆ ತಿರುಗಿದ. "ಗೊತ್ತಿದ್ದೂ ಆ ಕಡೆಗೇ ಹೋದ್ರಿ."

"ಎಪ್ಪತ್ತೊಂಬತ್ತು ನಿಮಿಷ ಹೋಗಲಿಲ್ಲ," ಎಂದ ಭಾವ. "ಸಲ ಸಲಕ್ಕೂ ನಿನ್ನ ಬಲಕ್ಕೇ ಬಂದೆ, ಸಲ ಸಲಕ್ಕೂ ನೀನು ತಡೆದೆ. ಆಮೇಲೆ ಅನ್ನಿಸ್ತು, ನಾನು ಬೇಕಂತ ಆ ಕಡೆ ಹೋಗದೆ ಇದ್ರೆ ನಾನು ನಿನಗೆ ಬಿಟ್ಟುಕೊಟ್ಟ ಹಾಗೆ. ನಿನಗೆ ನಾಲ್ಕು ವರ್ಷ ಯಾರೂ ಬಿಟ್ಟುಕೊಟ್ಟಿಲ್ಲ. ಈಗ ನಾನು ಶುರು ಮಾಡಲಾ?"

ಅಗುಳಿಗೆ ಸಿಟ್ಟು ಬಂದಿತ್ತು. ಆದರೆ ಆ ಮಾತಿನಲ್ಲಿ ಎಲ್ಲಿ ಉಳಿ ಹಾಕಬೇಕು ಎಂದು ತಿಳಿಯಲಿಲ್ಲ. ಕೂಡಿಸಿದ ಕಡೆ ಸಂದೇ ಇರಲಿಲ್ಲ. ಟವೆಲನ್ನು ಭಾವನ ಕೈಗೆ ಕೊಟ್ಟು ಕೆಲಸಕ್ಕೆ ಹೋದ. ತಂಗಿಗೆ ಹೋಗಿಬಾ ಎನ್ನಲಿಲ್ಲ. ಅವಳು ರೈಲು ಹತ್ತುವವರೆಗೆ ಅಳುತ್ತಲೇ ಇದ್ದಳೆಂದು ಆಮೇಲೆ ಅಮ್ಮ ಹೇಳಿದಳು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಸಿಟ್ಟು ಬಂತು, ಈ ಸಲ ತನ್ನ ಮೇಲೆ.

ಊರಿನವರು ಸುಮ್ಮನಿರಲಿಲ್ಲ. ಮರಗೆಲಸದ ಅಂಗಡಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ 'ಭಾವಂದಿರಿಗೆ ಸದಾ ತೆರೆದಿದೆ' ಎಂದು ಬರೆದರು. ಅಗುಳಿ ಒದ್ದೆ ಬಟ್ಟೆಯಲ್ಲಿ ಒರೆಸಿದ. ಮರುದಿನ ಅದನ್ನೇ ಮೊಳೆಯಲ್ಲಿ ಕೆತ್ತಿದ್ದರು. ಆಗ ಬಾಗಿಲನ್ನು ಕಳಚಿ, ಮೇಜಿನ ಮೇಲೆ ಮಲಗಿಸಿ, ಕೀಸುಳಿ ಹೊಡೆದು ಅಕ್ಷರ ತೆಗೆದ. ಮತ್ತೆ ಕೂರಿಸಿದಾಗ ಬಾಗಿಲು ಮೊದಲಿಗಿಂತ ಚೆನ್ನಾಗಿ ಮುಚ್ಚಿಕೊಳ್ಳುತ್ತಿತ್ತು. ದಿನಾ ಕಾಗದ ಕೊಟ್ಟು ಹೋಗುವ ಅಂಚೆಯವನು ಎದುರಿಗೆ ಸಿಕ್ಕರೆ ಅಡ್ಡ ರಸ್ತೆಗೆ ತಿರುಗುತ್ತಿದ್ದ. ಅಮ್ಮ ತರಕಾರಿ ಅಂಗಡಿ ಬದಲಾಯಿಸಿದಳು.

ಎರಡು ವಾರದ ಮೇಲೆ ಸಂಘ ಅಗುಳಿಯನ್ನು ವಿಚಾರಣೆಗೆ ಕರೆಯಿತು. ಬೀಜದ ಅಂಗಡಿಯ ಮೇಲಿನ ಕೋಣೆ, ಉದ್ದ ಮೇಜು, ಏಳು ಕುರ್ಚಿ. ಎಂಟನೆಯ ಕುರ್ಚಿ ಇಲ್ಲದ್ದರಿಂದ ಅಗುಳಿ ನಿಂತ. ಕೆಳಗಿನಿಂದ ಒಣ ಬೀಜಗಳ ಧೂಳು ಬರುತ್ತಿತ್ತು, ನಡುನಡುವೆ ಯಾರಾದರೊಬ್ಬರು ಸೀನುತ್ತಿದ್ದರು.

ಅಧ್ಯಕ್ಷರು ಕನ್ನಡಕ ತೆಗೆದರು. "ನೇರವಾಗಿ ಕೇಳ್ತೀನಪ್ಪ. ನೀನು ಬಿಟ್ಟೆಯೋ, ಬಿಟ್ಟುಹೋಯ್ತೋ?"

ಅಗುಳಿ ದಾರಿಯುದ್ದಕ್ಕೂ ಇದನ್ನೇ ತೂಗಿ ನೋಡಿದ್ದ. ಬಿಟ್ಟೆ ಎಂದರೆ ದ್ರೋಹಿ. ಏನೂ ಹೇಳದಿದ್ದರೂ ದ್ರೋಹಿಯೇ. ಮಂಡಿ ಎಂದರೆ ಅನ್ನ ಹೋಗುತ್ತದೆ. ಮೇಜಿನ ಆ ತುದಿಯಲ್ಲಿ ಯಜಮಾನರು ಸರೇಸು ಅಂಟಿದ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು.

"ಹೋಯ್ತು," ಎಂದ.

"ಏನು ಹೋಯ್ತು?"

"ಮಂಡಿ. ಎಡಗಡೆದು. ನೆಲ ಹಾಸಿದ ಮೇಲೆ. ಎಂಟು ತಿಂಗಳಾಯ್ತು."

"ಎಂಟು ತಿಂಗಳು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಆಡಿಸ್ತಿರಲಿಲ್ಲ."

"ಆಡಿಸದಿದ್ರೆ ನಾವು ಸೋಲ್ತಿರಲಿಲ್ಲವೋ ಏನೋ!"

"ಹೌದು ಸಾರ್," ಎಂದ ಅಗುಳಿ. "ಅದು ನನ್ನ ತಪ್ಪೇ. ಆಡಬೇಕು ಅಂತ ಆಸೆ ಇತ್ತು."

ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದನ್ನು ಕೇಳಿ ಅಧ್ಯಕ್ಷರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಡ್ರಿಲ್ ಮೇಷ್ಟ್ರು ಎದ್ದು ಬಂದು, "ಎಡಕ್ಕೆ ತಿರುಗು," ಎಂದು ಶಾಲೆಯ ಗತ್ತಿನಲ್ಲಿ ಆಜ್ಞೆ ಮಾಡಿದರು. ಅಗುಳಿ ತಿರುಗಿದ. ಮೇಜಿನ ಅಂಚು ಹಿಡಿಯದಿದ್ದರೆ ಅಧ್ಯಕ್ಷರ ಮೇಲೆ ಬೀಳುತ್ತಿದ್ದ. ಸಂಘ ಅಷ್ಟನ್ನೇ ಸಾಕ್ಷಿ ಎಂದು ಬರೆದುಕೊಂಡಿತು. ದ್ರೋಹವಿಲ್ಲ, ಅಸಾಮರ್ಥ್ಯ ಇದೆ, ಇನ್ನು ಮುಂದೆ ಆಯ್ಕೆ ಇಲ್ಲ. ಹೀಗೆ ಐದು ಪಂದ್ಯಗಳಲ್ಲಿ ಅಗುಳಿಯ ಆಟ ಮುಗಿಯಿತು. ನಾಲ್ಕು ಸೋಲು, ಒಂದು ಸಮ. ಅವನ ಕಡೆಯಿಂದ ಬಂದ ಗೋಲು ಒಂದೇ ಒಂದು.

ಮಾರನೆಯ ದಿನ ಅಂಗಡಿಗೆ ಹೋಗುವಾಗ ಅಗುಳಿ ತನ್ನ ಉಳಿಗಳನ್ನು ಸುತ್ತಿ ತರಲು ಚೀಲ ತೆಗೆದುಕೊಂಡೇ ಹೋದ. ಅವನ ಮೂಲೆಯಲ್ಲಿ ಎತ್ತರದ ಮೇಜು ಹಾಕಿತ್ತು, ಪಕ್ಕದಲ್ಲಿ ಒಂದು ಸ್ಟೂಲು.

"ಏನು ಚೀಲ?" ಎಂದರು ಯಜಮಾನರು.

"ಸುಮ್ನೆ."

"ಇನ್ಮೇಲೆ ಕಿಟಕಿ ಮಾಡು. ಕಿಟಕಿಗೆ ಮಂಡಿ ಬೇಡ." ಸ್ವಲ್ಪ ಹೊತ್ತು ಸರೇಸು ಕಲಕಿದರು. "ಆ ನೆಲಕ್ಕೆ ನಿನ್ನನ್ನ ಹಾಕಿದವನು ನಾನೇ ಅಲ್ವೇನೋ. ನಂಗೊಂದು ಮಾತು ಹೇಳಬಾರದಿತ್ತಾ?"

ಅಗುಳಿ ಸ್ಟೂಲಿನ ಮೇಲೆ ಕೂತ. ಚೀಲವನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಸಂಜೆ ಮನೆಗೆ ಬಂದು ತಾನೇ ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು, ತಂಗಿಗೆ ಕಾಗದ ಬರೆದ. ಅರ್ಧ ಗಂಟೆಯಲ್ಲಿ ಮೂರು ಸಾಲಾಯಿತು. 'ಸಿಟ್ಟು ಹೋಯಿತು. ಭಾವ ಮಾಡಿದ್ದು ಸರಿ. ಹಲ್ಲು ಗಟ್ಟಿಯಾಗಿದೆ.' ಅದನ್ನು ಓದಲು ಗಂಡಹೆಂಡತಿ ಇಬ್ಬರೂ ಸೇರಿ ಒಂದು ಗಂಟೆ ತೆಗೆದುಕೊಂಡರಂತೆ.

ಆರನೆಯ ಪಂದ್ಯಕ್ಕೆ ಹೊಸ ಲೆಫ್ಟ್ ಬ್ಯಾಕ್ ಹೋದ, ಎರಡು ಮಂಡಿಯೂ ಚೆನ್ನಾಗಿದ್ದವನು. ಭಾವ ಅವನನ್ನು ಏಳು ಸಲ ದಾಟಿದ. ದೇಶ ಐದು ಸೊನ್ನೆಯಲ್ಲಿ ಸೋತಿತು. ಮುಗಿದ ಮೇಲೆ ಎರಡೂ ಸಂಘಗಳ ನಡುವೆ ದೊಡ್ಡ ಜಗಳ ಶುರುವಾಯಿತು. ಐದರಲ್ಲಿ ಎರಡು ಗೋಲು ಆಫ್‌ಸೈಡ್, ಚೆಂಡು ಹೊಡೆಯುವ ಮೊದಲೇ ನಿಮ್ಮವನು ನಮ್ಮ ಹಿಂದಿನ ಸಾಲನ್ನು ದಾಟಿ ನಿಂತಿದ್ದ, ಗೆರೆಯ ಪಕ್ಕ ಬಾವುಟ ಹಿಡಿದಿದ್ದವನು ನಿಮ್ಮವನು, ಬೇಕೆಂದೇ ಬಾವುಟ ಎತ್ತಲಿಲ್ಲ ಎಂದು ಇವರು ಬರೆದರು. ನಿಮ್ಮ ಕಡೆಯ ಬಾವುಟದವನು ಬೇಡದ್ದಕ್ಕೆಲ್ಲ ಎತ್ತಿದ ಎಂದು ಅವರು ಬರೆದರು. ಇನ್ನು ಆಡುವುದೇ ಬೇಡ ಎನ್ನುವವರೆಗೆ ಹೋಯಿತು. ಕೊನೆಗೆ ಆಚೆಯ ಕಾರ್ಯದರ್ಶಿಯೇ ಒಂದು ದಾರಿ ಸೂಚಿಸಿದರು. ನಿಮ್ಮ ಬಡಗಿಯನ್ನು ಬಾವುಟಕ್ಕೆ ನಿಲ್ಲಿಸಿ, ಅವನು ಎರಡೂ ಮನೆಯ ಉಪ್ಪು ತಿಂದವನು, ಯಾರ ಕಡೆಗೂ ವಾಲುವ ಹಾಗಿಲ್ಲ.

"ವಾಲಿದ್ರೂ ಬಲಕ್ಕೇ ವಾಲಬೇಕು," ಎಂದರು ಯಜಮಾನರು. "ಎಡಕ್ಕೆ ಅವನ ಕೈಲಾಗಲ್ಲ."

ಹೀಗೆ ಏಳನೆಯ ಪಂದ್ಯದಲ್ಲಿ ಅಗುಳಿ ಮತ್ತೆ ಗಿರಣಿ ಮೈದಾನಕ್ಕೆ ಇಳಿದ, ಕೈಯಲ್ಲಿ ಬಾವುಟ. ತಂಗಿ ಒಂದೂವರೆ ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಮ್ಮನ ಪಕ್ಕ ಕೂತಿದ್ದಳು. ಮೊದಲರ್ಧದಲ್ಲಿ ಇವರು ಹೇಗೋ ಒಂದು ಗೋಲು ಹೊಡೆದರು. ಹೊಡೆದವನಿಗೇ ನಂಬಿಕೆ ಬರಲಿಲ್ಲ. ಮುಗಿಯಲು ಮೂರು ನಿಮಿಷ ಇರುವಾಗ ಆಚೆಯವರು ಉದ್ದಕ್ಕೆ ಚೆಂಡು ಹೊಡೆದರು. ಭಾವ ಎಲ್ಲರಿಗಿಂತ ಮುಂದೆ ಒಬ್ಬನೇ ಇದ್ದ, ಓಡಿ ಗೋಲು ಹೊಡೆದ. ಆಚೆಯ ಆಟಗಾರರು ಕುಣಿಯತೊಡಗಿದರು.

ಅಗುಳಿಯ ಬಾವುಟ ಮೇಲಿತ್ತು.

ರೆಫರಿ ನೋಡಿದ, ಓಡಿಬಂದ. "ಖಚಿತವೇ?"

"ಖಚಿತ."

"ಅಣ್ಣಾ!" ಎಂದು ಜನರ ನಡುವಿನಿಂದ ಒಂದು ಹೆಣ್ಣು ದನಿ ಬಂತು. ಅಗುಳಿ ಆ ಕಡೆ ನೋಡಲಿಲ್ಲ. ಬಾವುಟ ಇಳಿಸಲೂ ಇಲ್ಲ. ರೆಫರಿ ಗೋಲು ರದ್ದು ಮಾಡಿದ. ದೇಶ ಮೊದಲ ಸಲ ಗೆದ್ದಿತು.

ಜನ ಮೈದಾನಕ್ಕೆ ನುಗ್ಗಿ ಅಗುಳಿಯನ್ನು ಹೆಗಲ ಮೇಲೆ ಎತ್ತಿಕೊಂಡರು. ಗೋಲು ಹೊಡೆದವನನ್ನು ಎತ್ತುವುದು ಯಾರಿಗೂ ನೆನಪಾಗಲಿಲ್ಲ. "ಭಾವ ಅಂತಾನೂ ನೋಡಲಿಲ್ಲ ಕಣ್ರೋ! ದೇಶಕ್ಕೋಸ್ಕರ ಬಾವುಟ ಎತ್ತಿಬಿಟ್ಟ!" ಎಂದು ಅಂಚೆಯವನು ಅವನ ಕಾಲು ಹಿಡಿದು ಕೂಗಿದ. ಅಗುಳಿ ಮೇಲಿನಿಂದ, "ನಿಜವಾಗ್ಲೂ ಆಫ್‌ಸೈಡ್ ಇತ್ತು," ಎಂದ. "ಇತ್ತು ಇತ್ತು," ಎಂದು ಅಂಚೆಯವನು ಕಣ್ಣು ಹೊಡೆದ. ಅಗುಳಿ ಇನ್ನೂ ಎರಡು ಸಲ ಹೇಳಿ ನೋಡಿದ, ಆಮೇಲೆ ಬಿಟ್ಟ. ಎರಡು ವರ್ಷದ ಹಿಂದೆ ಅವನನ್ನು ನಂಬದವರು ಈಗಲೂ ನಂಬಲಿಲ್ಲ. ಈ ಸಲ ಸಂತೋಷದಿಂದ ನಂಬಲಿಲ್ಲ, ಅಷ್ಟೇ ವ್ಯತ್ಯಾಸ.

ಮನೆಗೆ ಬಂದಾಗ ಎಲ್ಲರಿಗಿಂತ ಮೊದಲೇ ಬಂದಿದ್ದ ತಂಗಿ ಊಟಕ್ಕೆ ಹಾಕುತ್ತಿದ್ದಳು. ಅಣ್ಣನ ತಟ್ಟೆಯನ್ನು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿ ಇಟ್ಟಳು. ಅಮ್ಮ ಮೊಮ್ಮಗಳನ್ನು ಎತ್ತಿಕೊಂಡು, ಇದು ತನಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ಕಿಟಕಿಯಾಚೆ ತೋರಿಸುತ್ತಾ ನಿಂತಳು. ಭಾವ ಹಿತ್ತಿಲಲ್ಲಿ ಕಾಲು ತೊಳೆಯುವ ಸದ್ದು ಕೇಳುತ್ತಿತ್ತು.

"ಆಫ್‌ಸೈಡ್ ಇತ್ತಾ?" ಎಂದಳು ತಂಗಿ, ಸೌಟನ್ನು ಪಾತ್ರೆಯಲ್ಲೇ ನಿಲ್ಲಿಸಿ.

"ಇತ್ತು."

"ಎಷ್ಟು?"

"ಎರಡು ಹೆಜ್ಜೆ."

"ಒಂದು ಹೆಜ್ಜೆ," ಎಂದಿತು ಹಿತ್ತಿಲಿನಿಂದ ಭಾವನ ದನಿ.

ತಂಗಿ ಸ್ವಲ್ಪ ಹೊತ್ತು ಹಿತ್ತಿಲ ಬಾಗಿಲನ್ನೇ ನೋಡಿದಳು. ಆಮೇಲೆ ಅಣ್ಣನ ತಟ್ಟೆಗೆ ಬಡಿಸಿದಳು, ತುಂಬ.